ನಲವತ್ತೊಂದನೇ ಪುಟ

ಗ್ಯಾಸ್ ಆರಿಸಿದ್ದೇನೆಯೇ ಎಂಬ ಚಿಂತೆಗೆ ಮದ್ದಿದೆ. ಎದ್ದು ಹೋಗಿ ನಾಬು ಮುಟ್ಟಿ ನೋಡಿ ಬಂದರಾಯಿತು. ಬಾಲ್ಕನಿಯ ಗ್ರಿಲ್ಲಿಗೆ ಚಿಲಕ ಹಾಕಿದ್ದೇನೆಯೇ ಎಂಬುದಕ್ಕೂ ಅದೇ ಮದ್ದು. ಆ ಗುರುವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ವೈಷ್ಣವಿ ನಾಬನ್ನು ಮೂರು ಸಲ, ಚಿಲಕವನ್ನು ಐದು ಸಲ ಮುಟ್ಟಿ ನೋಡಿದ್ದಳು. ಎರಡು ವರ್ಷದ ಮಗಳು ಪುಟ್ಟಿಯ ಹಣೆಯನ್ನು ಎಷ್ಟು ಸಲ ಎಂದು ಅವಳಿಗೇ ಗೊತ್ತಿಲ್ಲ. ಆದರೆ ಮೂರು ವಾರದಿಂದ ಎದೆಯಲ್ಲಿ ಕುಳಿತಿದ್ದ ಇನ್ನೊಂದು ಚಿಂತೆಗೆ ನಾಬೂ ಇರಲಿಲ್ಲ, ಚಿಲಕವೂ ಇರಲಿಲ್ಲ.

ಸೌಂದರ್ಯಾ ನೋಡಿಬಿಟ್ಟರೆ?

ವೈಷ್ಣವಿ ಒಂದು ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದಳು. ಹೈಸ್ಕೂಲು ಮಕ್ಕಳ ಕಥೆ, ಹೆಸರು ‘ಎಂಟನೇ ಬಿ’. ಎಣ್ಣೆ ಸೀಗೆಕಾಯಿಯಂಥ ಇಬ್ಬರು ಹುಡುಗಿಯರು ಗೆಳತಿಯರಾಗುವುದೇ ಅದರ ಜೀವ: ಆಫೀಸರ ಮಗಳು ರಶ್ಮಿ, ಕಟ್ಟಡ ಕೂಲಿಯವರ ಮಗಳು ಪೀರಮ್ಮ. ಒಂಬತ್ತನೇ ಕಂತಿನಲ್ಲಿ ಶಾಲೆಗೆ ಇಲಾಖೆಯ ಸಾಹೇಬರು ಬರುತ್ತಾರೆ, ಪೀರಮ್ಮನಿಗೆ ಓದಲು ಬರುವುದಿಲ್ಲವೆಂಬ ಗುಟ್ಟು ಎಲ್ಲರೆದುರು ಬಯಲಾಗುತ್ತದೆ, ಆಗ ರಶ್ಮಿ ಎದ್ದು ನಿಂತು ಗೆಳತಿಯ ಪರವಾಗಿ ಮಾತಾಡುತ್ತಾಳೆ. ಅದನ್ನು ಓದಿದ ನಿರ್ದೇಶಕ ಸೈಫ್ ಮೇಜು ಕುಟ್ಟಿ, “ಏನ್ ಗುರು ಇದು! ಈ ಸೀನಿಗೆ ಶಿವಾಜಿನಗರದಲ್ಲಿ ನಮ್ಮಮ್ಮಿನೂ ಅಳ್ತಾರೆ, ಹೊರಮಾವಲ್ಲಿ ನಿಮ್ಮತ್ತೆನೂ ಅಳ್ತಾರೆ” ಎಂದಿದ್ದ. ಚಿತ್ರೀಕರಣ ಶನಿವಾರ.

ಆ ಕಥೆ ಸೌಂದರ್ಯಾಳದು. ವೈಷ್ಣವಿ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಅದು ಒಂದು ತಪ್ಪು. ಅದಕ್ಕಿಂತ ದೊಡ್ಡದು, ನಡೆದದ್ದು ಹಾಗಲ್ಲ. ಆ ದಿನ ಎದ್ದು ನಿಂತವಳು ಆಫೀಸರ ಮಗಳಲ್ಲ.

“ನಿನ್ನ ಚಿಂತೆಗೆ ಭಾನುವಾರನೂ ರಜೆ ಇಲ್ವೇನೇ?” ಎಂದು ಗಂಡ ಸಿದ್ಧಲಿಂಗೇಶ ಹಿಂದಿನ ವಾರ ಕೇಳಿದ್ದ. “ಒಂದು ಫೋನ್ ಮಾಡು, ಮುಗೀತು.”

“ಮಾಡಿ ಏನಂತ ಹೇಳ್ಲಿ? ನಿನ್ನ ಧೈರ್ಯನ ನಾನು ತಗೊಂಡು ನನ್ನ ಹೆಸರಿಗೆ ಬರ್ಕೊಂಡೆ ಅಂತಲಾ?”

“ಹಾಗೇ ಹೇಳು.”

“ನಿಮಗೇನ್ರೀ, ಸುಲಭ!” ಎಂದು ಅವಳು ಮತ್ತೆ ಚಿಲಕ ನೋಡಲು ಹೋಗಿದ್ದಳು.

ವೈಷ್ಣವಿ, ಸೌಂದರ್ಯಾ ಇಬ್ಬರನ್ನೂ ಒಂದುಗೂಡಿಸಿದ್ದು ಎತ್ತರ. ಹಲಸೂರಿನ ಆ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಗಿಡ್ಡವರಿಂದ ಉದ್ದದವರವರೆಗೆ ಸಾಲು ನಿಲ್ಲಿಸುತ್ತಿದ್ದರು. ಅದೇ ಸಾಲು ತರಗತಿಗೆ ಹೋಗಿ ಮುಂದಿನಿಂದ ಹಿಂದಕ್ಕೆ ಬೆಂಚು ತುಂಬಿಕೊಳ್ಳುತ್ತಿತ್ತು. ಹದಿಮೂರಕ್ಕೇ ಕೊಕ್ಕರೆಯಂತೆ ಬೆಳೆದಿದ್ದ ವೈಷ್ಣವಿ ಪ್ರತಿವರ್ಷವೂ ಕೊನೆಯವಳು, ಒಬ್ಬಳೇ. ಎಂಟನೇ ತರಗತಿಯ ಜೂನ್ ತಿಂಗಳಲ್ಲಿ ಕ್ಲಾಸ್ ಟೀಚರ್ ತಾಹೇರಾ ಮೇಡಂ ಅವಳಿಗಿಂತ ನಾಲ್ಕು ಬೆರಳು ಎತ್ತರದ ಒಬ್ಬಳನ್ನು ಕರೆತಂದು, “ಇವಳ ಹಿಂದೆ ನಿಂತ್ಕೋಮ್ಮ” ಎಂದರು. ಪ್ರಾರ್ಥನೆ ಮುಗಿಯುವ ಮೊದಲೇ ಹಿಂದಿನಿಂದ ಪಿಸುಮಾತು ಬಂತು.

“ಏ ಹುಡುಗಿ, ತಲಿ ಅಲ್ಲಾಡಸಬ್ಯಾಡ. ನಿನ್ನ ರಿಬ್ಬನ್ ನನ್ನ ಮೂಗಿನಾಗ ಬರ್ಲಿಕತ್ತದ.”

ಸೌಂದರ್ಯಾ ಎರಡು ವರ್ಷ ದೊಡ್ಡವಳು. ಯಾದಗಿರಿ ಕಡೆಯವಳು. ಅಪ್ಪ ಬಸಣ್ಣ ಕಂಬಿ ಬಗ್ಗಿಸುತ್ತಿದ್ದ, ಅವ್ವ ಭೀಮಬಾಯಿ ಕಾಂಕ್ರೀಟಿನ ಬಾಂಡ್ಲಿ ಹೊರುತ್ತಿದ್ದಳು. ಕೆಲಸ ಎಲ್ಲಿಗೆ ಹೋದರೆ ಅಲ್ಲಿಗೆ ತಗಡಿನ ಶೆಡ್ಡು, ಶೆಡ್ಡು ಹೋದಲ್ಲಿಗೆ ಮಗಳು. ನಡುನಡುವೆ ಸೈಟಿನ ಪಕ್ಕದ ಟೆಂಟ್ ಶಾಲೆ, ಮೂರು ತಿಂಗಳು ಇಲ್ಲಿ, ಎರಡು ತಿಂಗಳು ಅಲ್ಲಿ. ಆ ವರ್ಷ ಮೆಟ್ರೋ ಕಂಬಗಳ ಕೆಲಸ ಸಿಕ್ಕು, ಹಲಸೂರು ಮಾರ್ಕೆಟ್ಟಿನ ಹಿಂದೆ ಒಂದು ಬಾಡಿಗೆ ಕೋಣೆಯೂ ಸಿಕ್ಕು, ಭೀಮಬಾಯಿ ಮಗಳ ಕೈಹಿಡಿದು ಶಾಲೆಯ ಬಾಗಿಲಿಗೆ ಬಂದಿದ್ದಳು. “ವಯಸ್ಸಿಗಿ ತಕ್ಕ ಕ್ಲಾಸಿನಾಗ ಕೂಡಸ್ರಿ ಮೇಡಂ. ಸಣ್ಣ ಹುಡುಗರ ಜೊತಿ ಕೂಡಸಿದ್ರ ಓಡಿ ಬರ್ತಾಳ, ಇಕಿ ಸ್ವಭಾವ ನಂಗೊತ್ತು” ಎಂದಿದ್ದಳಂತೆ. ಹಾಗಾಗಿ, ಅಕ್ಷರ ಕೂಡಿಸಲು ಇನ್ನೂ ಒದ್ದಾಡುತ್ತಿದ್ದ ಹುಡುಗಿ ನೇರ ಎಂಟನೇ ಬಿಗೆ ಬಂದು, ಎತ್ತರದ ದೆಸೆಯಿಂದ ಕೊನೆಯ ಬೆಂಚಿನಲ್ಲಿ ವೈಷ್ಣವಿಯ ಪಕ್ಕಕ್ಕೆ ಕುಳಿತಳು.

ವೈಷ್ಣವಿಯ ಮನೆ ಇಂದಿರಾನಗರದಲ್ಲಿ. ದಾವಣಗೆರೆಯಿಂದ ವರ್ಗವಾಗಿ ಬಂದ ಅವಳ ತಂದೆ ಶಿವರುದ್ರಪ್ಪನವರು ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ. ಶಾಲೆ ಬಿಟ್ಟರೆ ಹಳೇ ಮದ್ರಾಸ್ ರಸ್ತೆ ದಾಟಬೇಕು. ಕಂಬಗಳಿಗಾಗಿ ರಸ್ತೆ ಅಗೆದು, ತಗಡು ನಿಲ್ಲಿಸಿ, ಬಸ್ಸು ಲಾರಿಗಳೆಲ್ಲ ಒಂದೇ ಸಂದಿಯಲ್ಲಿ ನುಗ್ಗುತ್ತಿದ್ದ ಕಾಲ. ವೈಷ್ಣವಿ ದಿನವೂ ಕಾಲು ಗಂಟೆ ಅಂಚಿನಲ್ಲಿ ನಿಂತು, ಒಂದು ಹೆಜ್ಜೆ ಇಟ್ಟು, ಹಿಂದಕ್ಕೆ ಹಾರುತ್ತಿದ್ದಳು. ಎರಡನೇ ದಿನ ಸೌಂದರ್ಯಾ ಅವಳ ಮುಂಗೈ ಹಿಡಿದಳು.

“ಯಾಕ ಕಣ್ಣ್ ಮುಚ್ಚತಿ? ಬಸ್ ನೋಡಬ್ಯಾಡ, ಬಸ್ಸಿಗಿ ಕಣ್ಣಿಲ್ಲ. ಡ್ರೈವರನ ಮುಖ ನೋಡು. ಅಂವ ನಿನ್ನ ನೋಡ್ಯಾನ ಅಂದ್ರ ನಡಿ. ನೋಡಿಲ್ಲಂದ್ರ ನಿಂದ್ರು.”

ಆಚೆ ದಡ ಸೇರಿದ ಮೇಲೆ ಅರ್ಧ ಎದ್ದ ಒಂದು ಕಂಬ ತೋರಿಸಿ, “ಅದರ ಕಂಬಿ ನಮ್ಮಪ್ಪ ಕಟ್ಟಿದ್ದು. ನಿಮ್ಮಪ್ಪ ಏನ್ ಮಾಡ್ತಾರ?” ಎಂದಳು.

“ಫೈಲಿಗೆ ಸೈನ್ ಹಾಕ್ತಾರೆ.”

“ಎಲ್ಲಿ, ತೋರ್ಸು?”

ವೈಷ್ಣವಿಗೆ ತೋರಿಸಲು ಏನೂ ಇರಲಿಲ್ಲ. ಇಬ್ಬರೂ ನಕ್ಕರು.

ರಸ್ತೆ ದಾಟಿಸಿದ್ದಕ್ಕೆ ಪ್ರತಿಯಾಗಿ ವೈಷ್ಣವಿ ಪಾಠ ಓದಿ ಹೇಳತೊಡಗಿದಳು. ಊಟದ ಬಿಡುವಿನಲ್ಲಿ, ನೀರಿನ ತೊಟ್ಟಿಯ ಹಿಂದೆ. ಸೌಂದರ್ಯಾಳ ಕಿವಿ ಎಂಥದ್ದೆಂದರೆ ಎರಡು ಸಲ ಕೇಳಿದ ಪಾಠವನ್ನು ಅಲ್ಪವಿರಾಮ ಸಮೇತ ಒಪ್ಪಿಸುತ್ತಿದ್ದಳು. ತರಗತಿಯಲ್ಲಿ ಅವಳ ಸರದಿ ಬಂದಾಗ ಪುಸ್ತಕ ಹಿಡಿದು ನಿಂತು, ಕಣ್ಣನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ, ಬಾಯಿಪಾಠವನ್ನೇ ಓದುತ್ತಿದ್ದಳು. ಪುಟ ಮುಗಿದಾಗ ವೈಷ್ಣವಿ ಮೊಣಕೈಯಿಂದ ಮೆಲ್ಲನೆ ತಿವಿಯಬೇಕು, ಅವಳು ಹಾಳೆ ತಿರುಗಿಸಬೇಕು. ನಾಲ್ಕು ತಿಂಗಳು ಇದು ಯಾರಿಗೂ ತಿಳಿಯಲಿಲ್ಲ. ತಾಹೇರಾ ಮೇಡಂ “ಕ್ಲಾಸಲ್ಲಿ ಸೌಂದರ್ಯಾ ಥರ ಓದೋರೇ ಇಲ್ಲ” ಎಂದು ಹೊಗಳಿದ್ದೂ ಉಂಟು. ಹೊಗಳಿಸಿಕೊಂಡ ಸಂಜೆಯೆಲ್ಲ ಸೌಂದರ್ಯಾ ಕೋಣೆಯಲ್ಲಿ ಕೂತು ಒಬ್ಬಳೇ ಅಕ್ಷರಕ್ಕೆ ಅಕ್ಷರ ಕೂಡಿಸಲು ಹೆಣಗುತ್ತಿದ್ದಳೆಂಬುದು ವೈಷ್ಣವಿಗೂ ಆಗ ಗೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಮೇಡಂ ಹೆಮ್ಮೆಯಿಂದ ಸೌಂದರ್ಯಾಳನ್ನೇ ಎಬ್ಬಿಸಿದರು. ನಲವತ್ತೊಂದನೇ ಪುಟ ಚೆಂದಾಗಿ ಮುಗಿಯಿತು. ವೈಷ್ಣವಿ ತಿವಿದಳು. ಸೌಂದರ್ಯಾಳ ಬೆರಳಿಗೆ ಎರಡು ಹಾಳೆ ಒಟ್ಟಿಗೆ ಅಂಟಿಕೊಂಡು ತಿರುಗಿದವು. ಅವಳು ನಲವತ್ತೆರಡನೇ ಪುಟದ ಮಾತನ್ನೇ ಒಂದಿಷ್ಟೂ ತಡವರಿಸದೆ ಓದುತ್ತ ಹೋದಳು. ಮಕ್ಕಳ ಹಿಂದೆ ಅಡ್ಡಾಡುತ್ತಿದ್ದ ಸಾಹೇಬರು ಅವಳ ಭುಜದ ಮೇಲಿಂದ ಬಗ್ಗಿ ನೋಡಿದರು. ತೆರೆದಿದ್ದ ಪುಟದ ತುಂಬ ಅಭ್ಯಾಸದ ಪ್ರಶ್ನೆಗಳಿದ್ದವು.

“ಇದರಲ್ಲಿ ಎಲ್ಲಮ್ಮ ಇದೆ ನೀನು ಓದ್ತಾ ಇರೋದು?”

ಸಾಹೇಬರು ಇಡೀ ತರಗತಿಯ ಕಡೆ ತಿರುಗಿದರು.

“ಯಾರು ಬಾಯಿಪಾಠ ಮಾಡಿಸಿದ್ದು? ಟೀಚರ್ರಾ? ಅಥವಾ ಇಲ್ಲೇ ಯಾರಾದ್ರೂ ಇದಾರಾ? ಇದ್ರೆ ಎದ್ದು ನಿಲ್ಲಲಿ.”

ವೈಷ್ಣವಿ ಬೆಂಚನ್ನು ನೋಡಿದಳು. ಯಾರೋ ಕೈವಾರದ ಮೊನೆಯಿಂದ ಕೊರೆದಿದ್ದ ಒಂದು ಹೂವು ಅಲ್ಲಿತ್ತು, ಐದು ಎಸಳು. ಎದ್ದು ನಿಂತರೆ ಅಪ್ಪನಿಗೆ ಚೀಟಿ ಹೋಗುತ್ತದೆ, ಅಪ್ಪ ಕಚೇರಿ ಬಿಟ್ಟು ಬರಬೇಕಾಗುತ್ತದೆ ಎಂದು ಎಸಳುಗಳನ್ನು ಎಣಿಸುತ್ತಲೇ ಇದ್ದಳು. ಇಂದಿಗೂ ಕಣ್ಣು ಮುಚ್ಚಿದರೆ ಅವಳಿಗೆ ಆ ಹೂವು ಕಾಣುತ್ತದೆ.

“ಟೀಚರ್ದು ತಪ್ಪಿಲ್ರೀ ಸರ್” ಎಂದಳು ಸೌಂದರ್ಯಾ. ತಲೆ ತಗ್ಗಿಸಿರಲಿಲ್ಲ. “ನಂಗ ಓದ್ಲಿಕ್ಕಿ ಬರಲ್ರಿ. ಬರ್ತದಂತ ಎಲ್ಲಾರಿಗಿ ಸುಳ್ಳ ತೋರ್ಸೀನಿ. ಕಲೀಲಿಕತ್ತೀನಿ. ಒತ್ತಕ್ಷರ ಬಂದ್ರ ನಿಂದರ್ತೀನಿ, ಅದಕ್ಕ ಟೈಮ್ ಹಿಡೀತದ.”

ಮುಂದಿನ ಬೆಂಚುಗಳಲ್ಲಿ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. “ಹಾಗಾದ್ರೆ ಟೈಮ್ ತಗೊ. ಈ ಒಂದು ಸಾಲು ಓದು” ಎಂದು ಬೆರಳಿಟ್ಟರು.

ಆರು ಪದಗಳ ಸಾಲು. ಅವಳು ಬೆರಳಿಟ್ಟುಕೊಂಡು ಓದಿದಳು. ಮೂರನೇ ಪದದಲ್ಲಿ ನಿಂತಳು, ಹಿಂದೆ ಹೋದಳು, ಮತ್ತೆ ಬಂದಳು. ಹೊರಗೆ ಹೂವಿನವರು ಕೂಗುತ್ತ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಹೊತ್ತಾಯಿತು. ಕಿಸಕ್ಕೆಂದವರು ಅರ್ಧದಲ್ಲಿ ನಗು ನಿಲ್ಲಿಸಿ ಹೊರಳಿ ನೋಡತೊಡಗಿದರು. ಆರನೇ ಪದ ಮುಗಿದಾಗ ಅವಳು ಪುಸ್ತಕ ಮಡಚಿ, “ಆಯ್ತ್ರೀ ಸರ್” ಎಂದು ಕುಳಿತಳು. ಅಷ್ಟೇ. ಪವಾಡ ಏನೂ ನಡೆಯಲಿಲ್ಲ. ಮಾರನೆಯ ದಿನದಿಂದ ತಾಹೇರಾ ಮೇಡಂ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅವಳನ್ನು ಕೂರಿಸಿಕೊಂಡರು, ಎರಡು ವರ್ಷ, ಒಂದು ದಿನವೂ ಬಿಡದೆ.

ಆ ಸಂಜೆಯೂ ರಸ್ತೆಯ ಅಂಚಿನಲ್ಲಿ ಸೌಂದರ್ಯಾ ಎಂದಿನಂತೆ ವೈಷ್ಣವಿಯ ಮುಂಗೈ ಹಿಡಿದಳು. ನೀನು ಯಾಕೆ ಏಳಲಿಲ್ಲ ಎಂದು ಕೇಳಲಿಲ್ಲ. ಆಗಲೂ ಕೇಳಲಿಲ್ಲ, ಆಮೇಲೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಒಂದು ಸಲ ಅತ್ತು ಹಗುರಾಗಬಹುದಿತ್ತು.

ಸೌಂದರ್ಯಾ ಎಸ್ಸೆಸ್ಸೆಲ್ಸಿಯನ್ನು ಸೆಕೆಂಡ್ ಕ್ಲಾಸಿನಲ್ಲಿ ಪಾಸು ಮಾಡಿದಳು. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದಳು, ಅದರ ಮೇಲೆ ಕಟ್ಟಡ ಕೆಲಸದ ಸುರಕ್ಷತೆಯ ಕೋರ್ಸು. ಈಗ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್ ಸೈಟುಗಳಲ್ಲಿ ಸೇಫ್ಟಿ ಆಫೀಸರ್. ಹಸಿರು ಹೆಲ್ಮೆಟ್ಟು. ಸೈಟಿನಲ್ಲಿ ಆ ಬಣ್ಣದ ಹೆಲ್ಮೆಟ್ಟಿನವರು ‘ನಿಲ್ಲಿಸಿ’ ಎಂದರೆ ಕ್ರೇನೂ ನಿಲ್ಲಬೇಕು.

ಇದನ್ನೆಲ್ಲ ವೈಷ್ಣವಿಗೆ ಹೇಳಿದವಳು ಭೀಮಬಾಯಿ. ಪುಟ್ಟಿಯ ನಾಮಕರಣಕ್ಕೆ ಕೆ.ಆರ್. ಪುರದಿಂದ ತಾನೇ ಹೊಲಿದ ಕೌದಿ ಹೊತ್ತು ಬಂದಿದ್ದಳು. ಮಗಳಿಗೆ ಅಂದು ಮೇಲಿನ ಮಹಡಿಗೆ ಕಾಂಕ್ರೀಟು ಹಾಕುವ ದಿನ, ಬರಲಾಗಿರಲಿಲ್ಲ. ಕೌದಿಯನ್ನು ತೊಟ್ಟಿಲಿಗೆ ಹಾಸುತ್ತ ಭೀಮಬಾಯಿ ಹೇಳಿದ್ದಳು: “ಹೋದ ತಿಂಗಳ ಏನ್ ಮಾಡ್ಯಾಳ ಕೇಳವ್ವ ನಿನ್ನ ಗೆಳತಿ. ಎತ್ತರದಾಗ ಕೆಲ್ಸ ಮಾಡೋರು ಸೊಂಟಕ್ಕ ಕಟ್ಕೊಳ್ಳೋ ಬೆಲ್ಟ್ ಇರ್ತಾವಲ್ಲ, ಹನ್ನೆರಡರ ಕೊಕ್ಕಿ ತುಕ್ಕ ಹಿಡದಿದ್ದುವಂತ. ಮೂಲ್ಯಾಗ ಇಟ್ರ ನಾಳಿ ಯಾರರ ಕಟ್ಕೋತಾರಂತ ಹನ್ನೆರಡೂ ಎಲ್ಲಾರ ಮುಂದ ಕತ್ತರಿಸಿ ಒಗದಾಳ! ಆ ಸೂಪರ್ವೈಜರ್ ಕೂಗಾಡಿದ್ನಂತ, ‘ಕೆಲ್ಸ ನಿಂತ್ರ ಯಾರ್ ಜವಾಬ್ದಾರಿ, ಬರ್ಕೋತೀನಿ’ ಅಂತ. ಇಕಿ ಏನಂದಾಳ? ‘ನಾನೇ ಜವಾಬ್ದಾರಿ, ಬರ್ಕೋರಿ. ನನ್ನ ಹೆಸರಿನಾಗ ಒತ್ತಕ್ಷರ ಅದ, ಸರಿಯಾಗಿ ಬರೀರಿ’ ಅಂದಾಳ.”

ಹೇಳಿ ಮುಗಿಸಿ ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಮೂವತ್ತು ವರ್ಷ ತಲೆಯ ಮೇಲೆ ಬಾಂಡ್ಲಿ ಹೊತ್ತ ಕತ್ತು ಆ ಕ್ಷಣ ಎಷ್ಟು ನೆಟ್ಟಗಿತ್ತೆಂದರೆ, ನೆಂಟರ ನಡುವೆ ಕುಳಿತಿದ್ದ ಅತ್ತೆ ವಿಮಲಾಕ್ಷಿಯವರು, “ಯಾರೇ ಆಕೆ, ರಾಣಿ ಹಂಗೆ ಕೂತಾರೆ?” ಎಂದು ಕೇಳಿದ್ದರು.

ಮೂರು ವಾರದ ಹಿಂದೆ ವೈಷ್ಣವಿ ಗೆಳತಿಯ ಕೆಲಸವನ್ನು ಕಣ್ಣಾರೆ ಕಂಡಳು. ಬೆಳಗ್ಗೆ ಎಂಟಕ್ಕೆ ಪುಟ್ಟಿಯನ್ನು ಗಾಡಿಯಲ್ಲಿ ತಳ್ಳಿಕೊಂಡು, ಧೂಳು ಕುಡಿದೀತೆಂದು ಮುಖಕ್ಕೆ ಬಟ್ಟೆ ಹೊದಿಸಿ, ಹೊರಮಾವಿನ ಹೊಸ ಸೈಟೊಂದರ ಪಕ್ಕ ಹಾಯುತ್ತಿದ್ದಳು. ನೀಲಿ ತಗಡಿನ ಆಚೆಯಿಂದ ಪರಿಚಿತ ಧ್ವನಿ. ಸಂದಿಯಲ್ಲಿ ಇಣುಕಿದಳು. ಸೌಂದರ್ಯಾ ಸಿಮೆಂಟ್ ಬ್ಲಾಕುಗಳ ಮೇಲೆ ಹತ್ತಿ ನಿಂತಿದ್ದಾಳೆ, ಕೈಯಲ್ಲಿ ಹಾಳೆ, ಎದುರಿಗೆ ನೂರೈವತ್ತು ಜನ. ಕೆಲಸಕ್ಕೆ ಮುನ್ನ ದಿನವೂ ಎಲ್ಲರಿಗೂ ಹೇಳಬೇಕಾದ ಎಚ್ಚರಿಕೆಗಳನ್ನು ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ, ಆಮೇಲೆ ತೆಲುಗಿನಲ್ಲಿ ಓದುತ್ತಿದ್ದಳು. ಒಂದು ಕಡೆಯೂ ತಡೆಯಲಿಲ್ಲ. ಹಾಳೆ ಮಡಚಿದ ಮೇಲೆ ಒಂದು ಮಾತು ಸೇರಿಸಿದಳು: “ಕ್ರೇನ್ ನೋಡಬ್ಯಾಡ್ರಿ. ಕ್ರೇನಿಗಿ ಕಣ್ಣಿಲ್ಲ. ಡ್ರೈವರನ ಮುಖ ನೋಡ್ರಿ.”

ವೈಷ್ಣವಿಯ ಎದೆ ಉಬ್ಬಿತು. ‘ನೋಡು ಪುಟ್ಟಿ, ನನ್ನ ಫ್ರೆಂಡು’ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಮನೆಗೆ ಬಂದು, ಮಗು ಮಲಗಿದ ಒಂದು ಗಂಟೆಯಲ್ಲಿ ಸೀನು ಬರೆದಳು. ಬರೆಯುತ್ತ ಬರೆಯುತ್ತ ಅವಳ ಕೈಯೇ ರಶ್ಮಿಯನ್ನು ಎಬ್ಬಿಸಿ ನಿಲ್ಲಿಸಿತು. ಹದಿನೈದು ವರ್ಷದಿಂದ ಏಳಬೇಕೆಂದು ಕಾಯುತ್ತಿದ್ದವಳು ಕಾಗದದ ಮೇಲಾದರೂ ಎದ್ದಳು. ಪೀರಮ್ಮ ತಲೆ ತಗ್ಗಿಸಿಕೊಂಡು ನಿಂತಳು.

ಆ ಗುರುವಾರ ಮಧ್ಯಾಹ್ನ ಕಮ್ಮನಹಳ್ಳಿಯಲ್ಲಿ, ಚಿತ್ರೀಕರಣಕ್ಕೆಂದು ಹಿಡಿದಿದ್ದ ಒಂದು ಹಳೆಯ ಶಾಲೆಯ ಕಟ್ಟಡದಲ್ಲಿ, ಮಕ್ಕಳನ್ನು ಕೂರಿಸಿ ಸೀನು ಓದಿಸುವ ಕೆಲಸವಿತ್ತು. ವೈಷ್ಣವಿ ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ನೆಲದ ಮೇಲಿನ ವೈರುಗಳನ್ನು ದಾಟಿ ದಾಟಿ ಹೋಗಿ ಕುಳಿತಳು. ಸೀನು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಪೀರಮ್ಮನ ಪಾತ್ರದ ಹುಡುಗಿ ಮಾತ್ರ ಹಾಳೆ ತಿರುವಿ ಮುರುವಿ ನೋಡುತ್ತ ಬಂದಳು.

“ಆಂಟಿ, ಒಂದ್ ಡೌಟು. ರಶ್ಮಿ ಮಾತಾಡ್ತಾನೇ ಇರ್ತಾಳೆ. ನಾನು ಎರಡು ಪೇಜು ಸುಮ್ನೆ ನಿಂತಿರ್ಬೇಕಾ?”

“ನಿಂಗೆ... ನಾಚಿಕೆ ಆಗಿರುತ್ತೆ.”

“ಯಾಕೆ? ಓದೋಕೆ ಬರಲ್ಲ ಅಂತ ಗೊತ್ತಿದ್ರೂ ನಾಲ್ಕು ತಿಂಗಳು ಇಡೀ ಬುಕ್ ಬಾಯಿಪಾಠ ಮಾಡಿದವಳು ಆಂಟಿ ಇವಳು. ನಾನಾಗಿದ್ರೆ ಏನಾದ್ರೂ ಹೇಳ್ತಿದ್ದೆ.”

ವೈಷ್ಣವಿ ಅವಳ ಕೈಯಿಂದ ಹಾಳೆ ತೆಗೆದುಕೊಂಡು ನೋಡಿದಳು. ಹದಿನಾಲ್ಕರ ಮಗುವಿಗೆ ಕಂಡದ್ದು ಅವಳಿಗೆ ಕಂಡಿರಲಿಲ್ಲವೇ? ಕಂಡಿತ್ತು. ಎಸಳು ಎಣಿಸುತ್ತ ಕುಳಿತಿದ್ದಳು.

ಸೈಫನನ್ನು ಜಗಲಿಗೆ ಕರೆದು ಎಲ್ಲವನ್ನೂ ಹೇಳಿದಳು. ಯಾರ ಕಥೆ, ಯಾರು ಎದ್ದದ್ದು, ಯಾರು ಕೂತದ್ದು. ಅವನು ತಲೆ ಕೆರೆದುಕೊಂಡ.

“ಅರೆ, ಶನಿವಾರ ಶೂಟಿಂಗು, ಇವತ್ತು ಹೇಳ್ತೀಯಲ್ಲ ಗುರು!” ಎಂದ. ಆಮೇಲೆ ಜಗಲಿಯ ಅಂಚಿಗೆ ಕುಳಿತು ಕೇಳಿದ, “ಆ ಹುಡುಗಿ ನಿಜವಾಗ್ಲೂ ಹಾಗಂದ್ಲಾ? ‘ಸುಳ್ಳು ತೋರಿಸಿದೀನಿ, ಕಲೀತಾ ಇದೀನಿ’ ಅಂತ? ಹಾಗಾದ್ರೆ ಅದೇ ಸೀನು. ಬರಿ ಈಗ್ಲೇ. ಆದ್ರೆ ಅವರನ್ನ ಕೇಳು. ಅವರು ಬೇಡ ಅಂದ್ರೆ ಸೀನೇ ಬೇಡ, ಒಂಬತ್ತನೇ ಕಂತು ನಾವು ಬೇರೆ ಏನಾದ್ರೂ ಮಾಡೋಣ. ಸಂಜೆ ಒಳಗೆ ಹೇಳ್ಬೇಕು.”

ಪುಟ್ಟಿಯನ್ನು ಪೀರಮ್ಮನ ಪಾತ್ರದ ಹುಡುಗಿ ಎತ್ತಿಕೊಂಡಳು. ವೈಷ್ಣವಿ “ಮೆಟ್ಟಿಲ ಹತ್ರ ಬೇಡ, ವೈರ್ ಮುಟ್ಟಿಸ್ಬೇಡ, ಬಾಯಿಗೆ ಏನೂ ಕೊಡ್ಬೇಡ” ಎಂದು ಮೂರು ಸಲ ಹೇಳಿ, ಖಾಲಿ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ನೋಟ್‌ಬುಕ್ ತೆರೆದಳು. ರಶ್ಮಿಯನ್ನು ಕೂರಿಸಿದಳು. ಅವಳಿಗೆ ಎಣಿಸಲು ಐದು ಎಸಳಿನ ಹೂವು ಕೊಟ್ಟಳು. ಪೀರಮ್ಮನ ತಲೆ ಎತ್ತಿಸಿದಳು. ಅರ್ಧ ಗಂಟೆಗೆ ಎರಡೂವರೆ ಪುಟವಾಯಿತು. ಆರು ಪದಗಳ ಸಾಲನ್ನು ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕ್ಯಾಮೆರಾ ಕದಲಬಾರದು ಎಂದು ಅಂಚಿನಲ್ಲಿ ಬರೆದಳು.

ಮೊಬೈಲಿನಲ್ಲಿ ಸೌಂದರ್ಯಾಳ ಹೆಸರಿನ ಕೆಳಗೆ ಎರಡು ವರ್ಷದ ಹಬ್ಬದ ಶುಭಾಶಯಗಳಷ್ಟೇ ಇದ್ದವು. ಬೆರಳು ಒಂದು ಹೆಜ್ಜೆ ಮುಂದೆ ಹೋಯಿತು, ಹಿಂದಕ್ಕೆ ಹಾರಿತು. ಕೊನೆಗೆ ಒತ್ತಿದಳು.

ಮೂರನೇ ರಿಂಗಿಗೆ ಸೌಂದರ್ಯಾ ಎತ್ತಿದಳು. ಹಿಂದೆ ಕಂಬಿ ಕತ್ತರಿಸುವ ಸದ್ದು.

“ವೈಷ್ಣವಿ? ಏನಾತು? ಕೂಸು ಅರಾಮ ಅದಿಲ್ಲ?”

“ಅವಳು ಚೆನ್ನಾಗಿದಾಳೆ ಕಣೇ. ನಾನು... ನಿನ್ ಹತ್ರ ಒಂದು ತಪ್ಪು ಹೇಳ್ಕೋಬೇಕು.”

“ಹೇಳು.”

ಹೇಳಿದಳು. ಧಾರಾವಾಹಿ, ಒಂಬತ್ತನೇ ಕಂತು, ಕೇಳದೆ ಬರೆದದ್ದು, ಸುಳ್ಳು ಬರೆದದ್ದು. ಕೊನೆಗೆ ಅಂದಳು, “ಅವತ್ತು ನಾನು ಏಳಲಿಲ್ಲ ಸೌಂದರ್ಯಾ. ಇಷ್ಟು ವರ್ಷ ಆದ್ರೂ ಒಂದು ಸಾರಿನೂ ನೀನು ಕೇಳಲಿಲ್ಲ.”

ಆ ಕಡೆ ಸದ್ದು ಕಡಿಮೆಯಾಯಿತು. ಎಲ್ಲೋ ಒಳಗೆ ಬಂದಿರಬೇಕು.

“ಹುಚ್ಚಿ, ನೀ ಎದ್ದಿದ್ರ ಆ ಸಾಹೇಬ ನಿನ್ನ ಬೈದು ಹೋಗ್ತಿದ್ದ. ನನ್ನ ಯಾರು ಓದಸ್ತಿದ್ರು? ನಂಗ ಆ ಆರು ಶಬ್ದ ಬೇಕಿದ್ದುವು.” ಆಮೇಲೆ ಸೇರಿಸಿದಳು, “ಒಂದ್ ಮಾತು ಖರೇ. ಆ ರಾತ್ರಿ ನಿನ್ನ ಮ್ಯಾಲ ಸಿಟ್ಟ್ ಬಂದಿತ್ತು. ಮುಂಜಾನಿ ಹೋಗಿತ್ತು.”

ವೈಷ್ಣವಿ ಮೂಗು ಒರೆಸಿಕೊಂಡಳು. “ಹಾಗಾದ್ರೆ ಸೀನು... ಹಾಕಬಹುದಾ? ನೀನು ಬೇಡ ಅಂದ್ರೆ ತೆಗೀತೀವಿ.”

“ನನ್ನ ಸೈಟಿನಾಗ ನೂರೈವತ್ತು ಮಂದಿ ಇದಾರ. ಅರ್ಧ ಮಂದಿಗಿ ನಾ ಓದೋ ಹಾಳಿ ಓದ್ಲಿಕ್ಕಿ ಬರಂಗಿಲ್ಲ. ಮೇಡಂ ಹುಟ್ಟತಲೇ ಓದಕೋತ ಬಂದಾರಂತ ತಿಳ್ಕೊಂಡಾರ. ನೋಡ್ಲಿ ಅವ್ರು. ನಮ್ಮವ್ವಗ ನಾನೇ ಟೀವಿ ಮುಂದ ಕೂಡಸ್ತೀನಿ. ಖರೆ ಏನೇ, ಆ ಹುಡುಗಿಗಿ ಪೀರಮ್ಮ ಅಂತ ಯಾಕಿಟ್ಟಿ? ನನ್ನ ಹೆಸರ ಛಲೋ ಇಲ್ಲೇನು?”

“ಇಡ್ಲಾ?”

“ಇಡು. ಒತ್ತಕ್ಷರ ನೋಡ್ಕೊಂಡು.”

ಇಬ್ಬರೂ ನಕ್ಕರು. “ಫೋಟೋ ತೆಗೆದು ಕಳಿಸ್ತೀನಿ, ಓದಿ ಹೇಳು” ಎಂದಳು ವೈಷ್ಣವಿ.

“ಕಳಸಬ್ಯಾಡ, ಓದು ನೀ. ನಿನ್ನ ಬಾಯಿಲಿಂದ ಕೇಳಿ ಭಾಳ ದಿನ ಆತು.” ಆಮೇಲೆ ಫೋನು ದೂರ ಹಿಡಿದು ಯಾರಿಗೋ, “ಏ ಅಣ್ಣಾ, ಬೆಲ್ಟ್ ಹಾಕ್ಕೊಂಡು ಏರ್ರಿ! ನಾ ಇಲ್ಲೇ ನೋಡ್ಲಿಕತ್ತೀನಿ” ಎಂದು ಕೂಗಿ, ಮತ್ತೆ ಹತ್ತಿರ ಬಂದಳು. “ಹೂಂ. ಓದು.”

ವೈಷ್ಣವಿ ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೊರಗೆ ಪುಟ್ಟಿ ಮೆಟ್ಟಿಲ ಹತ್ತಿರವೇ ಆಡುತ್ತಿತ್ತು. ನೋಡಿದಳು, ಕೂಗಲಿಲ್ಲ.

“ತರಗತಿ. ಹಗಲು. ಸೌಂದರ್ಯಾ ಪುಸ್ತಕ ಹಿಡಿದು ಎದ್ದು ನಿಲ್ಲುತ್ತಾಳೆ” ಎಂದು ಓದತೊಡಗಿದಳು.